ಹಳ್ಳಿ ರಸ್ತೆಗಳಲ್ಲಿ ವೇಗ ನಿಯಂತ್ರಣ: ಇತಿಹಾಸ

ಹಳ್ಳಿಯ ನಡುವೆ ಹಾದುಹೋಗುವ ರಸ್ತೆಯಲ್ಲಿ ವಾಹನಗಳ ಓಟ ತಗ್ಗಿಸಿ ಜನರ ಜೀವ ಉಳಿಸಲು ನಡೆದ ಪ್ರಯತ್ನಗಳಿಗೆ ಸುಮಾರು 160 ವರ್ಷಗಳ ಚರಿತ್ರೆ ಇದೆ. ಕೆಂಪು ಬಾವುಟದಿಂದ ಶುರುವಾದ ಅದು ವೇಗಮಿತಿ ಫಲಕ, ರಸ್ತೆ ಉಬ್ಬು, ಕಿರಿದುಗೊಳಿಸಿದ ಬೀದಿಗಳವರೆಗೆ ಬಂದಿದೆ. ಈ ದಾರಿಯುದ್ದಕ್ಕೂ ದೇಶ ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ ಎಂದರೆ, ಚಾಲಕ ಫಲಕ ಹೇಳಿದ್ದಕ್ಕಿಂತ ರಸ್ತೆ ಹೇಳಿದ್ದನ್ನು ಹೆಚ್ಚು ಕೇಳುತ್ತಾನೆ.

ಊರವರಿಗೆ ಅದು ಬೀದಿ: ಅಂಗಡಿಗೆ ಹೋಗಲು, ಡೇರಿಗೆ ಹಾಲು ಹಾಕಲು, ಮಕ್ಕಳು ಶಾಲೆಗೆ ಹೋಗಲು ದಾಟುವ ಜಾಗ. ದೂರದೂರಿಗೆ ಹೊರಟ ಚಾಲಕನಿಗೆ ಅದೇ ರಸ್ತೆ ಹೆದ್ದಾರಿಯ ಇನ್ನೊಂದು ತುಂಡು. ಹೊಲಗಳ ನಡುವೆ 80ರಲ್ಲಿ ಬಂದವನಿಗೆ ಊರೊಳಗೆ 50ಕ್ಕೆ ಇಳಿದರೂ ತೆವಳಿದಂತೆ ಅನ್ನಿಸುತ್ತದೆ. ಆದರೆ ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದೇ ಸೆಕೆಂಡಿನಲ್ಲಿ ಹತ್ತಿರಹತ್ತಿರ 17 ಮೀಟರ್ ಮುಂದೆ ಹೋಗಿರುತ್ತದೆ. ಮಗು ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಕಾಲು ಬ್ರೇಕ್ ಮುಟ್ಟುವುದರೊಳಗೆ ಅಷ್ಟು ದೂರ ಮುಗಿದುಹೋಗಿರುತ್ತದೆ. ವೇಗ 30ರಿಂದ 60ಕ್ಕೇರಿದರೆ ಢಿಕ್ಕಿಯ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಸಾವು ತರುವ ಅಪಘಾತಗಳು ಸುಮಾರು ಶೇ 4ರಷ್ಟು ಹೆಚ್ಚುತ್ತವೆ ಎಂಬುದು ಸ್ವೀಡನ್ನಿನ ಸಂಶೋಧಕ ಯೋರಾನ್ ನಿಲ್ಸನ್ ಅವರ ಸೂತ್ರ. ವಿಶ್ವ ಆರೋಗ್ಯ ಸಂಸ್ಥೆಯೂ ಇದೇ ಲೆಕ್ಕವನ್ನು ಮುಂದಿಡುತ್ತದೆ.

ಕಾನೂನಿನ ಕಾಲ

ಬ್ರಿಟನ್ನಿನಲ್ಲಿ 1865ರ ಕಾಯಿದೆ ಉಗಿಯಂತ್ರದ ಗಾಡಿಗಳಿಗೆ ಬಯಲಿನಲ್ಲಿ ಗಂಟೆಗೆ 4 ಮೈಲಿ, ಊರು ಮತ್ತು ಹಳ್ಳಿಗಳೊಳಗೆ 2 ಮೈಲಿ ಮಿತಿ ಹಾಕಿತು. ಗಾಡಿಗಿಂತ 60 ಗಜ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಹಳ್ಳಿಯೊಳಗಿನ ವೇಗ ಬಯಲಿನ ಅರ್ಧದಷ್ಟೇ ಇರಬೇಕೆಂಬ ವಿವೇಕ ಆ ಹಳೆಯ ಕಾಯಿದೆಯಲ್ಲೇ ಇತ್ತು ಎಂಬುದನ್ನು ಗಮನಿಸಬೇಕು. ಮುಂದೆ ಮಿತಿ ಸಡಿಲವಾಗುತ್ತಾ ಹೋಯಿತು: 1896ರಲ್ಲಿ 14 ಮೈಲಿ, 1903ರ ಕಾಯಿದೆಯಲ್ಲಿ 20 ಮೈಲಿ. 1930ರಲ್ಲಿ ಕಾರುಗಳ ಮಟ್ಟಿಗೆ ಮಿತಿಯನ್ನೇ ತೆಗೆದುಹಾಕಲಾಯಿತು. 1934ರ ಒಂದೇ ವರ್ಷದಲ್ಲಿ 7,000ಕ್ಕೂ ಹೆಚ್ಚು ಜನ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತರು. 1935ರ ಮಾರ್ಚ್ 18ರಿಂದ ಜನವಸತಿ ಪ್ರದೇಶಗಳಿಗೆ 30 ಮೈಲಿಯ ಮಿತಿ ಮರಳಿ ಬಂತು.

ಈ ಮಿತಿಯಲ್ಲಿ ಹಳ್ಳಿಗೆ ಅನ್ಯಾಯವಾಗುವ ಒಂದು ಸಂದು ಉಳಿದಿತ್ತು. ಯಾವುದು ಜನವಸತಿ ಎಂಬುದನ್ನು ಬೀದಿ ದೀಪದಿಂದ ಅಳೆದರು. 200 ಗಜಕ್ಕೊಂದರಂತೆ ದೀಪದ ಕಂಬವಿದ್ದರೆ ಮಿತಿ ತಾನಾಗಿ ಅನ್ವಯಿಸುತ್ತಿತ್ತು, ದೀಪವಿಲ್ಲದ ಊರಿಗೆ ಪ್ರತ್ಯೇಕ ಆದೇಶ ಬೇಕಿತ್ತು. ನಗರಕ್ಕೆ ಸುಮ್ಮನೆ ದಕ್ಕಿದ ರಕ್ಷಣೆಯನ್ನು ಹಳ್ಳಿ ಅರ್ಜಿ ಹಾಕಿ ಪಡೆಯಬೇಕಾಯಿತು. 20 ಮನೆಗಳಿದ್ದು, ರಸ್ತೆಯುದ್ದಕ್ಕೂ 600 ಮೀಟರ್ ಹರಡಿಕೊಂಡಿದ್ದರೆ ಅದನ್ನು ಹಳ್ಳಿಯೆಂದು ಎಣಿಸಿ 30 ಮೈಲಿಯ ಮಿತಿ ಕೊಡಿ ಎಂಬ ಸರ್ಕಾರಿ ಮಾರ್ಗಸೂಚಿ ಬಂದದ್ದು 2004ರಲ್ಲಿ. ವೇಲ್ಸ್ 2023ರ ಸೆಪ್ಟೆಂಬರ್ 17ರಂದು ಇನ್ನೂ ಮುಂದೆ ಹೋಗಿ, ಜನವಸತಿ ರಸ್ತೆಗಳ ಸಾಮಾನ್ಯ ಮಿತಿಯನ್ನೇ 20 ಮೈಲಿಗೆ, ಎಂದರೆ ಸುಮಾರು 32 ಕಿ.ಮೀ.ಗೆ ಇಳಿಸಿತು.

ರಸ್ತೆ ಉಬ್ಬು

ಕನ್ನಡಿಗರ ಬಾಯಲ್ಲಿ ಇದು ಹಂಪ್ಸ್; ಪತ್ರಿಕೆಗಳಲ್ಲಿ ರಸ್ತೆ ಉಬ್ಬು. ಅಮೆರಿಕದ ನ್ಯೂಜೆರ್ಸಿಯ ಚಾಟಮ್ ಎಂಬ ಸಣ್ಣ ಊರಿನಲ್ಲಿ 1906ರಲ್ಲೇ, ಜನ ದಾಟುವ ಕಡೆ ರಸ್ತೆಯನ್ನು 5 ಅಂಗುಲ ಎತ್ತರಿಸಿ ಕಾರುಗಳಿಗೆ ತಡೆ ಒಡ್ಡಿದ ದಾಖಲೆಯಿದೆ. 1953ರಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಆರ್ಥರ್ ಕಾಂಪ್ಟನ್, ತಾವು ಮುಖ್ಯಸ್ಥರಾಗಿದ್ದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿ ಕಾರುಗಳ ಅಬ್ಬರ ತಾಳಲಾರದೆ ಲೆಕ್ಕ ಹಾಕಿ ಉಬ್ಬುಗಳನ್ನು ರೂಪಿಸಿದರು. ಇಂದು ಜಗತ್ತಿನ ಬಹುಪಾಲು ದೇಶಗಳು ಒಪ್ಪಿರುವ ಆಕಾರ ಸಿದ್ಧವಾದದ್ದು 1970ರ ದಶಕದ ಆರಂಭದಲ್ಲಿ, ಬ್ರಿಟನ್ನಿನ ರಸ್ತೆ ಸಂಶೋಧನಾಲಯದಲ್ಲಿ. ಅಲ್ಲಿನ ಸಂಶೋಧಕ ವಾಟ್ಸ್ ಅವರ ಪ್ರಯೋಗಗಳಿಂದ 12 ಅಡಿ ಅಗಲ, 4 ಅಂಗುಲ ಎತ್ತರದ, ಬಿಲ್ಲಿನಂತೆ ನಯವಾಗಿ ಬಾಗಿದ ಉಬ್ಬು ಹೊರಬಂತು. ಗಿಡ್ಡ, ಚೂಪು ದಿಣ್ಣೆಯ ಮೇಲೆ ವೇಗವಾಗಿ ಹೋದರೆ ಗಾಲಿ ಮಾತ್ರ ಜಿಗಿದು ದಾಟಿಬಿಡುತ್ತದೆ, ಒಳಗೆ ಕೂತವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಅಗಲವಾದ ಉಬ್ಬಿನ ಮೇಲೆ ಇಡೀ ವಾಹನವೇ ಏರಿಳಿಯಬೇಕಾದ್ದರಿಂದ ವೇಗ ಹೆಚ್ಚಿದಷ್ಟೂ ಕುಲುಕಾಟ ಹೆಚ್ಚು, ನಿಧಾನಕ್ಕೆ ಹೋದವನಿಗೆ ತೊಂದರೆಯೇ ಇಲ್ಲ.

ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಹೊರಡಿಸಿದ 99ನೇ ಸಂಹಿತೆ ಇದೇ ಆಕಾರವನ್ನು ತೆಗೆದುಕೊಂಡಿತು: 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ದಾಟುವ ವೇಗ ಗಂಟೆಗೆ 25 ಕಿ.ಮೀ. ಉಬ್ಬಿನ ಮೇಲೆ ಪಟ್ಟೆ ಬಳಿಯಬೇಕು, 40 ಮೀಟರ್ ಮುಂಚೆಯೇ ಎಚ್ಚರಿಕೆ ಫಲಕ ನಿಲ್ಲಿಸಬೇಕು. 2018ರಲ್ಲಿ ಈ ಸಂಹಿತೆಯನ್ನು ಹಿಗ್ಗಿಸಿ ನಗರ ಮತ್ತು ಗ್ರಾಮೀಣ ರಸ್ತೆಗಳೆರಡಕ್ಕೂ ವೇಗ ತಗ್ಗಿಸುವ ಮಾರ್ಗಸೂಚಿಯಾಗಿ ಮಾಡಲಾಯಿತು.

ಹಳ್ಳಿಯಲ್ಲಿ ಹಂಪ್ಸ್ ಹುಟ್ಟುವ ರೀತಿಯೇ ಬೇರೆ. ಶಾಲೆ ಬಿಟ್ಟ ಹೊತ್ತಿನಲ್ಲಿ ಮಗುವೊಂದು ಲಾರಿಗೆ ಸಿಕ್ಕಿ ಸಾಯುತ್ತದೆ. ಊರವರು ಕಲ್ಲು, ಮರದ ದಿಮ್ಮಿ ಅಡ್ಡ ಹಾಕಿ ರಸ್ತೆಯಲ್ಲೇ ಕೂರುತ್ತಾರೆ. ಎರಡೂ ಕಡೆ ಮೈಲಿಗಟ್ಟಲೆ ವಾಹನ ನಿಂತ ಮೇಲೆ ಅಧಿಕಾರಿಗಳು ಬಂದು ಮಾತು ಕೊಡುತ್ತಾರೆ. ಮಾತು ನಡೆಯುವ ಮೊದಲೇ ಊರ ಹುಡುಗರು ಟ್ರ್ಯಾಕ್ಟರಿನಲ್ಲಿ ಜಲ್ಲಿ, ಸಿಮೆಂಟು ತಂದು ಸುರಿದುಬಿಡುತ್ತಾರೆ. ಅಳತೆ ಹಿಡಿದು ನೋಡಿದರೆ ಅಗಲ ಎರಡಡಿ, ಎತ್ತರ ಮುಕ್ಕಾಲಡಿ. ಬಣ್ಣವಿಲ್ಲ, ಫಲಕವಿಲ್ಲ. ಕತ್ತಲಲ್ಲಿ ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸು ಅದೇ ದಿಣ್ಣೆಯಿಂದ ಎಗರಿ ಬೀಳುತ್ತಾಳೆ. ಊರವರ ಸಂಕಟ ನಿಜ, ಬೇಡಿಕೆಯೂ ನ್ಯಾಯವಾದದ್ದೇ. ಆದರೆ ಅಳತೆಯಿಲ್ಲದ ಹಂಪ್ಸ್ ಇನ್ನೊಂದು ಮನೆಯ ದೀಪ ಆರಿಸುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಇಂಥ ಉಬ್ಬುಗಳನ್ನು ತೆಗೆಯಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2016ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಕಿತ್ತ ಕಡೆ ಬದಲಿ ವ್ಯವಸ್ಥೆ ಮಾಡದೆ ಹೋದರೆ ಊರವರು ಮತ್ತೆ ಜಲ್ಲಿ ಸುರಿಯುವುದು ಸಹಜ.

ಹೆದ್ದಾರಿಗೆ ಹೆಚ್ಚು ಒಪ್ಪುವುದು ಸಾಲು ಪಟ್ಟಿಗಳು. ರಸ್ತೆಗೆ ಅಡ್ಡಲಾಗಿ ತೆಳುವಾಗಿ ಎಬ್ಬಿಸಿದ ಪಟ್ಟಿಗಳ ಮೇಲೆ ಗಾಲಿ ಹರಿದಾಗ ಗಡಗಡ ಸದ್ದಾಗಿ, ಸ್ಟೇರಿಂಗು ನಡುಗಿ, ಮಂಪರಿನಲ್ಲಿದ್ದವನೂ ಎಚ್ಚರಗೊಳ್ಳುತ್ತಾನೆ. ಘಾನಾ ದೇಶದ ಅಕ್ರಾ–ಕುಮಾಸಿ ಹೆದ್ದಾರಿಯ ಸುಹುಮ್ ಕೂಡುರಸ್ತೆಯಲ್ಲಿ 2000ದ ಸುಮಾರಿಗೆ ಇವನ್ನು ಹಾಕಿದ ಮೇಲೆ ಅಪಘಾತ ಸುಮಾರು ಶೇ 35, ಸಾವು ಸುಮಾರು ಶೇ 55 ಇಳಿದವು. ಕಡಿಮೆ ಖರ್ಚಿನ ಈ ಉದಾಹರಣೆ ನಮ್ಮಂಥ ದೇಶಗಳಿಗೆ ಯುರೋಪಿನ ಎಷ್ಟೋ ಪ್ರಯೋಗಗಳಿಗಿಂತ ಹತ್ತಿರದ್ದು.

ನೆದರ್ಲೆಂಡ್ಸ್ ಮತ್ತು ಡೆನ್ಮಾರ್ಕ್

1971ರಲ್ಲಿ ನೆದರ್ಲೆಂಡ್ಸಿನ ರಸ್ತೆಗಳಲ್ಲಿ 3,200ಕ್ಕೂ ಹೆಚ್ಚು ಜನ ಸತ್ತರು; ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಸೈಕಲ್ಲಿನಲ್ಲಿ ಶಾಲೆಗೆ ಹೊರಟಿದ್ದ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹೋಫ್ 1972ರಲ್ಲಿ ಬರೆದ ಲೇಖನದ ಶೀರ್ಷಿಕೆಯ ಅರ್ಥ ‘ಮಕ್ಕಳ ಕೊಲೆ ನಿಲ್ಲಿಸಿ’. ಅದೇ ಹೆಸರಿನಲ್ಲಿ ಎದ್ದ ಚಳವಳಿ ದೇಶದ ರಸ್ತೆ ನೀತಿಯನ್ನೇ ತಿರುಗಿಸಿತು. ಡೆಲ್ಫ್ಟ್ ನಗರದಲ್ಲಿ ಆಗಲೇ ವೂನ್‌ಎರ್ಫ್ ಎಂಬ ಬೀದಿಗಳು ತಲೆಯೆತ್ತಿದ್ದವು. ಅಂಗಳದಂಥ ಬೀದಿ ಎಂಬುದು ಅದರ ಭಾವ. ಅಲ್ಲಿ ಮಕ್ಕಳ ಆಟಕ್ಕೆ ಮೊದಲ ಹಕ್ಕು, ಕಾರು ಅತಿಥಿ. 1976ರಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು.

ಹಳ್ಳಿಯ ಮಟ್ಟಿಗೆ ದೊಡ್ಡ ಹೆಸರು ಹಾನ್ಸ್ ಮೊಂಡರ್‌ಮಾನ್ ಅವರದು. ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ರಸ್ತೆ ಸುರಕ್ಷತೆಯ ಹೊಣೆ ಹೊತ್ತಿದ್ದ ಈ ಎಂಜಿನಿಯರ್‌ಗೆ 1980ರ ದಶಕದ ನಡುವೆ ಔಡೆಹಾಸ್ಕೆ ಎಂಬ ಹಳ್ಳಿಯವರು ವೇಗದ ಕಾರುಗಳ ಬಗ್ಗೆ ದೂರು ಕೊಟ್ಟರು. ಉಬ್ಬು, ತಿರುವು ಕಟ್ಟುವಷ್ಟು ಹಣವಿರಲಿಲ್ಲ. ಅವರು ರಸ್ತೆಗೆ ಏನನ್ನೂ ಸೇರಿಸುವ ಬದಲು ತೆಗೆಯುತ್ತಾ ಹೋದರು. ಫಲಕ, ಅಂಚುಕಟ್ಟೆ ಹೋದವು. ಡಾಂಬರಿನ ಜಾಗಕ್ಕೆ ಇಟ್ಟಿಗೆಯ ನೆಲಹಾಸು ಬಂತು. ಹೆದ್ದಾರಿಯಂತೆ ಕಾಣುತ್ತಿದ್ದದ್ದು ಮನೆಗಳ ನಡುವಿನ ಬೀದಿಯಂತೆ ಕಾಣತೊಡಗಿದ್ದೇ ತಡ, ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮುಂದೆ ಮಕ್ಕಿಂಗಾ ಹಳ್ಳಿಯಲ್ಲಿ ಸಂಚಾರ ಫಲಕಗಳನ್ನೇ ತೆಗೆಯಲಾಯಿತು. ಮೊಂಡರ್‌ಮಾನ್ 2008ರ ಜನವರಿಯಲ್ಲಿ ತೀರಿಕೊಂಡರು. ಅವರ ವಿಧಾನ ಎಲ್ಲ ಕಡೆಗೂ ಸಲ್ಲುವುದಿಲ್ಲ. ಚಾಲಕನ ಕಣ್ಣು ತಪ್ಪದೆ ತಮ್ಮನ್ನು ಕಾಣುತ್ತದೆ ಎಂದು ನಂಬಿ ಹೆಜ್ಜೆ ಇಡಲು ದೃಷ್ಟಿಹೀನರಿಗೆ ಆಗದು; ಈ ಕಾರಣಕ್ಕೇ ಬ್ರಿಟನ್ 2018ರಲ್ಲಿ ಅಂಚುಕಟ್ಟೆಯಿಲ್ಲದೆ ಜನ, ವಾಹನ ಹಂಚಿಕೊಳ್ಳುವ ಬೀದಿಗಳ ಹೊಸ ಯೋಜನೆಗಳನ್ನು ತಡೆಹಿಡಿಯುವಂತೆ ಹೇಳಿತು.

ಡೆನ್ಮಾರ್ಕ್ ಕೂಡ 1980ರ ದಶಕದಲ್ಲಿ ವಿಂಡರುಪ್, ಸ್ಕೇರ್ಬೆಕ್, ಉಗರ್ಲೋಸೆ ಎಂಬ ಮೂರು ಸಣ್ಣ ಊರುಗಳನ್ನು ಆರಿಸಿಕೊಂಡು, ಬೈಪಾಸ್ ಕಟ್ಟದೆಯೇ ಊರೊಳಗಿನ ಹೆದ್ದಾರಿಯನ್ನು ಪಳಗಿಸಲು ಹೊರಟಿತು. ಊರಿನ ಎರಡೂ ತುದಿಗೆ ಮರ ನೆಟ್ಟು, ರಸ್ತೆ ಕಿರಿದು ಮಾಡಿ, ನಡುವೆ ದ್ವೀಪ ಕಟ್ಟಿ ಬಾಗಿಲಿನಂಥ ನೋಟ ತಂದರು. ಬಯಲುಸೀಮೆಯ ಹಳೆಯ ಊರುಗಳ ಅಗಸೆ ಬಾಗಿಲು ಕಂಡವರಿಗೆ ಈ ಉಪಾಯದ ಒಳಗುಟ್ಟು ಬಿಡಿಸಿ ಹೇಳಬೇಕಿಲ್ಲ. ಅಗಸೆ ಹೊಕ್ಕೊಡನೆ ಗಾಡಿ ಹೊಡೆಯುವವನು ಹಗ್ಗ ಬಿಗಿಹಿಡಿಯುತ್ತಿದ್ದ.

ಭಾರತ ಮತ್ತು ಕರ್ನಾಟಕ

2022ರಲ್ಲಿ ಭಾರತದಲ್ಲಿ 1,68,491 ಜನ ರಸ್ತೆ ಅಪಘಾತದಲ್ಲಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಮೂರರಲ್ಲಿ ಎರಡು ಸಾವು ಗ್ರಾಮೀಣ ಪ್ರದೇಶದವು. ಶೇ 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಮಣ್ಣಿನ ದಾರಿಗಳನ್ನು ಡಾಂಬರು ರಸ್ತೆ ಮಾಡಿತು. ಆಸ್ಪತ್ರೆ, ಕಾಲೇಜು, ಸಂತೆ ಹತ್ತಿರವಾದವು. ಗುಂಡಿ, ಧೂಳು ತಾವಾಗಿ ಹಿಡಿದಿಟ್ಟಿದ್ದ ವೇಗವೂ ಅದರ ಜೊತೆಗೇ ಬಿಡುಗಡೆಯಾಯಿತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆ ಕಾರುಗಳಿಗೆ ನಗರಸಭಾ ಮಿತಿಯೊಳಗೂ ಇತರ ರಸ್ತೆಗಳಲ್ಲೂ ಗಂಟೆಗೆ 70 ಕಿ.ಮೀ. ಗರಿಷ್ಠ ಮಿತಿ ಇಟ್ಟಿತು. ಹಳ್ಳಿಯೊಳಗಿನ ರಸ್ತೆಗೆಂದು ಪ್ರತ್ಯೇಕ ಸಾಲು ಅದರಲ್ಲಿಲ್ಲ. ಮಕ್ಕಳು, ಸೈಕಲ್ಲಿನವರು ವಾಹನಗಳ ಜೊತೆ ಬೆರೆಯುವ ಕಡೆ 30 ಕಿ.ಮೀ. ಇರಲಿ ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಕರೆ ಕೊಟ್ಟಿರುವಾಗ ಇದು ದೊಡ್ಡ ಕೊರತೆ.

ನಮ್ಮ ಹಳ್ಳಿಗಳಿಗೇ ವಿಶಿಷ್ಟವಾದ ಅಪಾಯಗಳೂ ಇವೆ. ಸುಗ್ಗಿಯಲ್ಲಿ ರಾಗಿ, ಹುರುಳಿ, ತೊಗರಿಯನ್ನು ರಸ್ತೆಗೆ ಹರಡಿ ವಾಹನಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸುವ ರೂಢಿ ಹಳೆ ಮೈಸೂರು ಭಾಗದಲ್ಲಿ ಇನ್ನೂ ನಿಂತಿಲ್ಲ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಸೈಲೆನ್ಸರಿನ ಬಿಸಿಗೆ ಹೊತ್ತಿ, ವಾಹನವೇ ಉರಿದುಹೋದ ಉದಾಹರಣೆಗಳಿವೆ. ಬೈಕುಗಳಂತೂ ಜಾರಿ ಬೀಳುತ್ತವೆ. ಅಧಿಕಾರಿಗಳು ವರ್ಷವರ್ಷ ಎಚ್ಚರಿಕೆ ಹೊರಡಿಸುತ್ತಾರೆ. ಹೊಲದಲ್ಲಿ ಸಗಣಿ ಸಾರಿಸಿ ಕಣ ಮಾಡಲು ಆಳು ಸಿಗದ ರೈತನಿಗೆ ಸರ್ಕಾರದ ಗ್ರಾಮೀಣ ಉದ್ಯೋಗ ಯೋಜನೆಯಲ್ಲಿ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿಕೊಡುವುದೇ ಎಚ್ಚರಿಕೆಗಿಂತ ಸರಿಯಾದ ಮದ್ದು. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರೇಲರ್‌ಗಳು ಇರುಳಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ನೂರಿನ್ನೂರು ರೂಪಾಯಿಯ ಪ್ರತಿಫಲಕ ಪಟ್ಟಿ ಅಂಟಿಸಿದರೆ ದೂರದಿಂದಲೇ ಹೊಳೆಯುತ್ತವೆ.

ಕರ್ನಾಟಕದಲ್ಲಿ ಅಳೆದು ನೋಡಿದ ಯಶಸ್ಸಿನ ಕಥೆ ಬೆಳಗಾವಿ–ಯರಗಟ್ಟಿ ರಸ್ತೆಯದು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರೂ ಹಿಡಿಯುವ ಈ 62 ಕಿ.ಮೀ. ರಾಜ್ಯ ಹೆದ್ದಾರಿಯನ್ನು ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಸುರಕ್ಷಿತ ಮಾದರಿಯಾಗಿ ಆರಿಸಲಾಯಿತು. ಕೂಡುರಸ್ತೆಗಳನ್ನು ತಿದ್ದುವುದು, ನಡೆಯುವವರಿಗೆ ದಾರಿ ಮಾಡುವುದು ಒಂದು ಕಡೆ. ಪೊಲೀಸ್ ಗಸ್ತು, ತುರ್ತು ಚಿಕಿತ್ಸೆ ಇನ್ನೊಂದು ಕಡೆ. ಎಲ್ಲವೂ ಒಟ್ಟಿಗೆ ನಡೆದದ್ದೇ ಇದರ ವಿಶೇಷ. 2015ರಿಂದ 2018ರ ನಡುವೆ ಇಲ್ಲಿ ಸಾವುಗಳು ಶೇ 54ರಷ್ಟು ತಗ್ಗಿದವು.

ಬೈಪಾಸ್ ಕಟ್ಟಿದರೆ ಊರಿನ ಕಷ್ಟ ತೀರಿತು ಎನ್ನುವಂತಿಲ್ಲ. ಹೊಲ ಬೈಪಾಸಿನ ಆಚೆ, ಮನೆ ಈಚೆ ಉಳಿದ ಕಡೆ ರೈತ ದಿನಕ್ಕೆರಡು ಸಲ ಇನ್ನೂ ವೇಗದ ರಸ್ತೆ ದಾಟಬೇಕಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ನಿಷೇಧಿಸಬೇಕಾಯಿತು. ಹಳ್ಳಿಯವರ ಓಡಾಟ ಪಕ್ಕದ ಸರ್ವಿಸ್ ರಸ್ತೆಗೆ ಸರಿಯಿತು.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ. ನಿಮ್ಮೂರಿನ ಹಂಪ್ಸ್ 10 ಸೆಂ.ಮೀ.ಗಿಂತ ಎತ್ತರವಿದ್ದರೆ, ಬಿಳಿ ಪಟ್ಟೆ ಅಳಿಸಿದ್ದರೆ, ಶಾಲೆಯ ಮುಂದೆ ಎಚ್ಚರಿಕೆ ಫಲಕ ಇಲ್ಲದಿದ್ದರೆ, ಸಾವಿನ ಮರುದಿನದವರೆಗೆ ಕಾಯದೆ ಮುಂದಿನ ಗ್ರಾಮಸಭೆಯಲ್ಲೇ ಅದನ್ನು ನಡಾವಳಿಗೆ ಬರೆಸಿ, ಪ್ರತಿಯನ್ನು ಆ ಸಮಿತಿಗೆ ಕಳುಹಿಸಿ.