ಪಿಂಕ್ ಕಂಪ್ಯೂಟರ್‌ನಲ್ಲಿ ಏನು ಕಮ್ಮಿ ಇತ್ತು?

1/10

1999ನೇ ಇಸವಿ. ಅಮೆರಿಕದಲ್ಲಿ ಮಕ್ಕಳಿಗೋಸ್ಕರ ಅಂತಲೇ ಎರಡು ಕಂಪ್ಯೂಟರ್ ಮಾರಾಟಕ್ಕೆ ಬಂದವು. ಒಂದು ಬಾರ್ಬಿ ಪಿಸಿ: ಮೈಮೇಲೆಲ್ಲ ಹೂವು, ಜೊತೆಗೆ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ. ಇನ್ನೊಂದು ಹಾಟ್ ವೀಲ್ಸ್ ಪಿಸಿ: ನೀಲಿ ಮೈ, ಬೆಂಕಿ ಜ್ವಾಲೆಯ ಚಿತ್ರ, ಜೊತೆಗೆ ರೇಸ್ ಆಡೋಕೆ ಸ್ಟಿಯರಿಂಗ್. ಹೆಸರು ಆಟಿಕೆ ಕಂಪನಿ ಮ್ಯಾಟೆಲ್‌ದು, ತಯಾರಿಸಿದ್ದು ಕೆನಡಾದ ಪೇಟ್ರಿಯಟ್ ಕಂಪ್ಯೂಟರ್. ಎರಡರ ಬೆಲೆಯೂ 599 ಡಾಲರ್.

ಬೆಲೆ ಒಂದೇ. ಆದರೆ ಒಳಗಿದ್ದ ಸಾಫ್ಟ್‌ವೇರ್ ಒಂದೇ ಅಲ್ಲ. ಹುಡುಗರ ಕಂಪ್ಯೂಟರ್‌ನಲ್ಲಿ ಮನುಷ್ಯನ ದೇಹರಚನೆ ಕಲಿಸುವ 'ಬಾಡಿವರ್ಕ್ಸ್' ಇತ್ತು. ತರ್ಕ ಬೆಳೆಸುವ 'ಝೂಂಬಿನಿಸ್' ಅನ್ನೋ ಆಟ ಇತ್ತು. ಹುಡುಗಿಯರ ಕಂಪ್ಯೂಟರ್‌ನಲ್ಲಿ ಇವೆರಡೂ ಇರಲಿಲ್ಲ. ಕಲಿಕೆಯ ಸಾಫ್ಟ್‌ವೇರ್ ಲೆಕ್ಕ ಹಾಕಿದರೆ ಹುಡುಗರಿಗೆ ಸಿಕ್ಕಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಹುಡುಗಿಯರಿಗೆ ಸಿಕ್ಕಿತ್ತು. 2000ದ ಜನವರಿಯಲ್ಲಿ ಇದು ಪತ್ರಿಕೆಗಳಲ್ಲಿ ಬಂದು ದೊಡ್ಡ ಚರ್ಚೆ ಆಯ್ತು.

ಪಿಂಕ್ ಒಳ್ಳೇದಾ ಕೆಟ್ಟದ್ದಾ ಅಂತ ಜಗಳ ಆಡೋದು ಸುಲಭ. ಈ ಸರಣಿಯಲ್ಲಿ ಕೇಳೋ ಪ್ರಶ್ನೆ ಬೇರೆ: ಬಣ್ಣ ಹಚ್ಚಿದ ಮೇಲೆ ಒಳಗಿಂದ ಏನು ತೆಗೆದರು?

2/10

ಮೊದಲು ಸ್ವಲ್ಪ ಹಿಂದೆ ಹೋಗೋಣ. ಕಂಪ್ಯೂಟರ್ ಹುಟ್ಟೋದಕ್ಕೂ ಮುಂಚೆ.

1884ರ ಒಂದು ಫೋಟೋ ಇದೆ. ಎರಡೂವರೆ ವರ್ಷದ ಮಗು, ಉದ್ದ ಕೂದಲು, ಬಿಳಿ ಫ್ರಾಕ್, ಕೈಯಲ್ಲಿ ಗರಿ ಸಿಕ್ಕಿಸಿದ ಟೋಪಿ. ಆ ಮಗು ಗಂಡು. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್! ಆ ಕಾಲದಲ್ಲಿ ಅಲ್ಲಿ ಗಂಡಾಗಲಿ ಹೆಣ್ಣಾಗಲಿ ಸಣ್ಣ ಮಕ್ಕಳಿಗೆ ಬಿಳಿ ಫ್ರಾಕೇ ಹಾಕ್ತಿದ್ರು. ಕಾರಣ ತುಂಬಾ ಸರಳ, ಬಿಳಿ ಬಟ್ಟೆಯ ಕಲೆ ತೆಗೆಯೋದು ಸುಲಭ.

1918ರಲ್ಲಿ ಮಕ್ಕಳ ಬಟ್ಟೆ ವ್ಯಾಪಾರಿಗಳ ಒಂದು ಪತ್ರಿಕೆ ಬರೆದದ್ದು ಇವತ್ತಿಗೆ ಪೂರ್ತಿ ಉಲ್ಟಾ: ಪಿಂಕ್ ಗಟ್ಟಿ ಬಣ್ಣ, ಹಾಗಾಗಿ ಹುಡುಗರಿಗೆ, ನೀಲಿ ನಾಜೂಕು, ಹಾಗಾಗಿ ಹುಡುಗಿಯರಿಗೆ. 1927ರಲ್ಲಿ ಟೈಮ್ ಪತ್ರಿಕೆ ದೊಡ್ಡ ದೊಡ್ಡ ಅಂಗಡಿಗಳನ್ನು ಕೇಳಿ ಒಂದು ಪಟ್ಟಿ ಹಾಕಿತು. ಅದರಲ್ಲಿ ಅಂಗಡಿಗೊಂದು ಉತ್ತರ. ಬೋಸ್ಟನ್, ಷಿಕಾಗೋದ ಹೆಸರಾಂತ ಅಂಗಡಿಗಳು ಪಿಂಕ್ ಹುಡುಗರದ್ದು ಅಂದಿದ್ದವು. ಅಂದ್ರೆ ಆಗಿನ್ನೂ ಯಾವುದೂ ಗಟ್ಟಿಯಾಗಿರಲಿಲ್ಲ.

3/10

ಹಾಗಾದ್ರೆ ಗಟ್ಟಿ ಮಾಡಿದ್ದು ಯಾರು? ಬಿಕಾಂ ಮಕ್ಕಳೇ, ಇಲ್ಲಿ ನಮ್ಮ ಸಬ್ಜೆಕ್ಟ್ ಬರುತ್ತೆ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋ ಪಾವೊಲೆಟ್ಟಿ ಈ ಇತಿಹಾಸವನ್ನು ವರ್ಷಗಟ್ಟಲೆ ಹುಡುಕಿ 2012ರಲ್ಲಿ ಪುಸ್ತಕ ತಂದರು. ಅವರ ಪ್ರಕಾರ ಈಗಿನ ಪಿಂಕ್-ನೀಲಿ ಹಂಚಿಕೆ ಅಮೆರಿಕದಲ್ಲಿ ರೂಢಿಗೆ ಬಂದದ್ದು 1940ರ ದಶಕದ ಹೊತ್ತಿಗೆ. 1970ರ ಆಸುಪಾಸಲ್ಲಿ ಮಹಿಳಾ ಚಳವಳಿಯಿಂದ ಅದು ಸಡಿಲ ಆಯ್ತು. 1980ರ ದಶಕದಲ್ಲಿ ಮತ್ತೆ ಜೋರಾಗಿ ವಾಪಸ್ ಬಂತು. ಅದಕ್ಕೆ ಒಂದು ಕಾರಣ, ಹುಟ್ಟೋ ಮೊದಲೇ ಮಗು ಗಂಡೋ ಹೆಣ್ಣೋ ಅಂತ ಅಲ್ಲಿನ ತಂದೆತಾಯಿಗೆ ಗೊತ್ತಾಗೋಕೆ ಶುರುವಾಗಿದ್ದು. ಗೊತ್ತಾದ ಕೂಡಲೇ ಶಾಪಿಂಗ್!

ಲೆಕ್ಕ ಹಾಕಿ ನೋಡಿ. ಬಿಳಿ ಬಟ್ಟೆ ಆದ್ರೆ ಅಕ್ಕನದ್ದು ತಮ್ಮನಿಗೂ ಆಗುತ್ತೆ. ಪಿಂಕ್ ಆದ್ರೆ ತಮ್ಮನಿಗೆ ಹೊಸದು ಬೇಕು. ಒಂದು ಮನೆಗೆ ಒಂದೇ ಸಾಮಾನು ಎರಡು ಸಲ ಮಾರಬಹುದು. ನಾವು ಪರೀಕ್ಷೆಗೆ ಓದೋ ಮಾರ್ಕೆಟ್ ಸೆಗ್ಮೆಂಟೇಷನ್ ಇದೇ.

2015ರಲ್ಲಿ ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರಗಳ ಇಲಾಖೆ ಸುಮಾರು 800 ಸಾಮಾನುಗಳ ಬೆಲೆ ಹೋಲಿಸಿತು. ಹೆಣ್ಣುಮಕ್ಕಳಿಗೆ ಅಂತ ಮಾರುವ ಸಾಮಾನು ಸರಾಸರಿ 7% ದುಬಾರಿ. ಅಂಗಡಿಯಲ್ಲಿ ಬೆಲೆ ಏರುತ್ತೆ, ಬಾರ್ಬಿ ಪಿಸಿಯಲ್ಲಿ ಬೆಲೆ ಅಷ್ಟೇ ಇಟ್ಟು ಒಳಗಿನ ಸರಕು ಇಳಿಸಿದರು. ಕೊಂಡವರಿಗೆ ನಷ್ಟ ಎರಡರಲ್ಲೂ ಇದೆ.

4/10

ಈಗ ಸಾಫ್ಟ್‌ವೇರ್‌ಗೆ ವಾಪಸ್ ಬರೋಣ. 1990ರ ದಶಕದಲ್ಲಿ ಕಂಪ್ಯೂಟರ್ ಗೇಮ್ ಅಂದ್ರೆ ಹುಡುಗರದ್ದು ಅನ್ನೋ ನಂಬಿಕೆ ಬಲವಾಗಿತ್ತು. 1996ರಲ್ಲಿ ಮ್ಯಾಟೆಲ್ 'ಬಾರ್ಬಿ ಫ್ಯಾಷನ್ ಡಿಸೈನರ್' ಬಿಡುಗಡೆ ಮಾಡಿತು. ಮೊದಲ ಎರಡೇ ತಿಂಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟ! ಸ್ಕ್ರೀನ್ ಮೇಲೆ ಡ್ರೆಸ್ ಡಿಸೈನ್ ಮಾಡಿ, ಪ್ರಿಂಟರ್‌ಗೆ ಬಟ್ಟೆಯ ಹಾಳೆ ಹಾಕಿ ಪ್ರಿಂಟ್ ತೆಗೆದು, ಗೊಂಬೆಗೆ ನಿಜವಾಗಲೂ ತೊಡಿಸಬಹುದಿತ್ತು. ಇದು ಒಳ್ಳೆಯ ಐಡಿಯಾನೇ. ಹುಡುಗಿಯರು ಕಂಪ್ಯೂಟರ್ ಮುಂದೆ ಕೂರಲ್ಲ ಅನ್ನೋ ಮಾತು ಸುಳ್ಳು ಅಂತ ಇದರಿಂದ ಸಾಬೀತೂ ಆಯ್ತು.

ಅದೇ ವರ್ಷ ಬ್ರೆಂಡಾ ಲಾರೆಲ್ 'ಪರ್ಪಲ್ ಮೂನ್' ಅನ್ನೋ ಕಂಪನಿ ಶುರು ಮಾಡಿದರು. ಅದಕ್ಕೂ ಮುಂಚೆ ಅವರ ತಂಡ ನೂರಾರು ಮಕ್ಕಳನ್ನು ಮಾತಾಡಿಸಿ ಸಂಶೋಧನೆ ಮಾಡಿತ್ತು. ಅವರ ಗೇಮ್‌ನ ನಾಯಕಿ ರಾಕೆಟ್, ಹೊಸ ಶಾಲೆಗೆ ಸೇರಿದ ಹುಡುಗಿ. ಗೆಳೆತನ, ಮುನಿಸು, ಯಾರ ಜೊತೆ ಏನು ಮಾತಾಡಬೇಕು ಅನ್ನೋದೇ ಆಟ. ಕೆಲವರು ಮೆಚ್ಚಿದರು. ಇದೂ ಹುಡುಗಿಯರನ್ನು ಒಂದು ಅಚ್ಚಿಗೆ ಹಾಕೋದೇ ಅಲ್ವಾ ಅಂತ ಇನ್ನು ಕೆಲವರು ಟೀಕಿಸಿದರು. 1999ರ ಫೆಬ್ರವರಿಯಲ್ಲಿ ಕಂಪನಿ ಬಾಗಿಲು ಹಾಕಿತು. ಅದನ್ನು ಕೊಂಡುಕೊಂಡಿದ್ದು ಯಾರು ಗೊತ್ತಾ? ಮ್ಯಾಟೆಲ್!

ಮಾರುಕಟ್ಟೆ ಕಲಿತ ಪಾಠ ಏನು? "ಹುಡುಗಿಯರಿಗೆ ಮಾರಬೇಕಾ, ಪಿಂಕ್ ಹಚ್ಚಿ." ಬಾರ್ಬಿ ಪಿಸಿ ಬಂದದ್ದು ಅದೇ ವರ್ಷ.

5/10

ನೀಲಿ ಬಗ್ಗೆಯೂ ಕೇಳಬೇಕಲ್ವಾ? ನಮ್ಮ ಫೋನಲ್ಲಿ ನೀಲಿ ಆ್ಯಪ್‌ಗಳೇ ತುಂಬಿದ್ದಾವೆ. ಅದೇನು ಗಂಡಸರ ಬಣ್ಣ ಅಂತಲಾ?

ಇತಿಹಾಸ ನೋಡಿದ್ರೆ ಹಾಗಿಲ್ಲ. 1993ರಲ್ಲಿ ಮೊಸಾಯಿಕ್ ಅನ್ನೋ ಬ್ರೌಸರ್ ಲಿಂಕ್‌ಗಳನ್ನು ನೀಲಿ ಬಣ್ಣದಲ್ಲಿ ತೋರಿಸಿತು, ಆ ರೂಢಿ ಎಲ್ಲ ಕಡೆ ಹಬ್ಬಿತು. ಫೇಸ್‌ಬುಕ್ ನೀಲಿ ಆಗೋಕೆ ಕಾರಣ ಮಾರ್ಕ್ ಜುಕರ್‌ಬರ್ಗ್ ಅವರ ಕಣ್ಣು. ಅವರಿಗೆ ಕೆಂಪು-ಹಸಿರು ಬಣ್ಣಗುರುಡು ಇದೆ, ಚೆನ್ನಾಗಿ ಕಾಣೋದು ನೀಲಿ. 2010ರಲ್ಲಿ ಒಂದು ಸಂದರ್ಶನದಲ್ಲಿ ಅವರೇ ಹೇಳಿದ್ದು.

ಇಷ್ಟೇ ಕಾರಣಗಳಿಂದ ನೀಲಿ ಬಂತು. ಬಂದಮೇಲೆ ಅದು ಎಲ್ಲರ ಬಣ್ಣ ಆಗಿಬಿಟ್ಟಿತು. ನೀಲಿ ಆ್ಯಪ್ ನೋಡಿ ಯಾರೂ "ಇದು ಗಂಡಸರಿಗೆ" ಅನ್ನಲ್ಲ. ಪಿಂಕ್ ಆ್ಯಪ್ ನೋಡಿದ್ರೆ ಮಾತ್ರ "ಇದು ಲೇಡೀಸ್‌ದು" ಅಂತೀವಿ. ಅಸಮಾನತೆ ಇರೋದು ಇಲ್ಲಿ. ಒಬ್ಬರು ಮಾಮೂಲಿ, ಇನ್ನೊಬ್ಬರು ಸ್ಪೆಷಲ್ ಕೇಸ್.

6/10

2009ರ ಮೇ. ಡೆಲ್ ಕಂಪನಿ ಹೆಂಗಸರಿಗೆ ಅಂತ ಬೇರೆ ವೆಬ್‌ಸೈಟ್ ತೆರೆಯಿತು. ಹೆಸರು 'ಡೆಲ್ಲಾ'. ಬಟ್ಟೆಗೆ ಹೊಂದೋ ಬಣ್ಣದ ಪುಟ್ಟ ಲ್ಯಾಪ್‌ಟಾಪ್ ಹಿಡಿದ ಹೆಂಗಸರ ಫೋಟೋಗಳು. ಲ್ಯಾಪ್‌ಟಾಪ್ ಯಾಕೆ ಬೇಕು ಅನ್ನೋದಕ್ಕೆ ಕೊಟ್ಟ ಸಲಹೆಗಳು: ಅಡುಗೆ ರೆಸಿಪಿ ಹುಡುಕಿ, ಕ್ಯಾಲರಿ ಲೆಕ್ಕ ಇಡಿ.

ಲ್ಯಾಪ್‌ಟಾಪ್ ಕೊಳ್ಳೋರಿಗೆ ಬೇಕಾಗಿರೋದು ರ್‍ಯಾಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಬೆಲೆ ಎಷ್ಟು. ಹೆಂಗಸರೇ ಸಿಟ್ಟಾಗಿ ಬರೆದರು, ತಮಾಷೆಯನ್ನೂ ಮಾಡಿದರು. ಕೆಲವೇ ವಾರಗಳಲ್ಲಿ 'ಡೆಲ್ಲಾ' ಹೆಸರು ಮಾಯ. ಬಾರ್ಬಿ ಪಿಸಿ ಬಂದು ಹತ್ತು ವರ್ಷ ಆಗಿತ್ತು. ಈ ಸಲ ಬಣ್ಣದ ಹಿಂದೆ ಕಮ್ಮಿಯಾಗಿದ್ದು ಮಾಹಿತಿ.

7/10

ಬಣ್ಣ ಇಲ್ಲದೆಯೂ ಇದೇ ಕತೆ ನಡೆಯುತ್ತೆ. 2015ರವರೆಗೆ ಫೇಸ್‌ಬುಕ್‌ನ ಫ್ರೆಂಡ್ಸ್ ಐಕಾನ್‌ನಲ್ಲಿ ಗಂಡು ಮುಂದೆ, ಹೆಣ್ಣು ಅವನ ಹಿಂದೆ ಚಿಕ್ಕದಾಗಿ. ಅಲ್ಲಿ ಡಿಸೈನ್ ಮ್ಯಾನೇಜರ್ ಆಗಿದ್ದ ಕೇಟ್ಲಿನ್ ವಿನ್ನರ್ ಇದನ್ನು ಗಮನಿಸಿದರು. ಹೆಣ್ಣಿನ ಆಕೃತಿಯನ್ನು ಹೊಸದಾಗಿ ಬರೆದು ಮುಂದೆ ತಂದರು. ದೊಡ್ಡ ಪ್ರಚಾರ, ಘೋಷಣೆ ಏನೂ ಇಲ್ಲದೆ ಕೋಟ್ಯಂತರ ಜನರ ಸ್ಕ್ರೀನ್ ಬದಲಾಯ್ತು.

2017ರಲ್ಲಿ ಟ್ವಿಟರ್ ಫೋಟೋ ಹಾಕದವರಿಗೆ ಕೊಡ್ತಿದ್ದ ಮೊಟ್ಟೆ ಚಿತ್ರ ತೆಗೆದು ಬೂದು ಬಣ್ಣದ ಮನುಷ್ಯಾಕೃತಿ ಇಟ್ಟಿತು. ದುಂಡು ತಲೆ ಬರೆದರೆ ಜನ ಗಂಡಸು ಅಂತಲೇ ಓದ್ತಾರೆ ಅಂತ ಅವರ ಡಿಸೈನರ್‌ಗಳಿಗೆ ಗೊತ್ತಾಗಿತ್ತು. ಹಾಗಾಗಿ ತಲೆ, ಭುಜದ ಆಕಾರವನ್ನೇ ತಿದ್ದಿದರು. ಬಣ್ಣ ಬೂದು ಆದರೆ ಸಾಕು, ಎಲ್ಲರಿಗೂ ಸಲ್ಲುತ್ತೆ ಅನ್ನೋ ಹಾಗಿಲ್ಲ. ಆಕಾರವೂ ಮಾತಾಡುತ್ತೆ.

8/10

ನನ್ನ ಪ್ರಕಾರ ಈ ಸರಣಿಯ ಮುಖ್ಯ ಪೋಸ್ಟ್ ಇದು.

2014ರಲ್ಲಿ ಆ್ಯಪಲ್ ತನ್ನ ಹೆಲ್ತ್ ಆ್ಯಪ್ ತಂತು. ಹೆಜ್ಜೆ, ನಿದ್ದೆ, ರಕ್ತದೊತ್ತಡ, ಊಟದಲ್ಲಿರೋ ಸೋಡಿಯಂ, ಕ್ರೋಮಿಯಂ ಕೂಡ ಬರೆದಿಡಬಹುದಿತ್ತು. ಮುಟ್ಟಿನ ದಿನ ಬರೆದಿಡೋಕೆ ಮಾತ್ರ ಜಾಗ ಇರಲಿಲ್ಲ! ಅರ್ಧ ಜಗತ್ತಿಗೆ ಬೇಕಾಗೋ ಲೆಕ್ಕ ಸೇರಿದ್ದು 2015ರಲ್ಲಿ. ಆ ಆ್ಯಪ್ ಪಿಂಕ್ ಆಗಿರಲಿಲ್ಲ, "ಎಲ್ಲರಿಗೂ" ಅಂತಲೇ ಮಾಡಿದ್ದು. ಆ "ಎಲ್ಲರೂ" ಅನ್ನೋದರಲ್ಲಿ ಹೆಣ್ಣುಮಕ್ಕಳು ಯಾರಿಗೂ ನೆನಪಾಗಿರಲಿಲ್ಲ.

ಇನ್ನೊಂದು ಕಡೆ ಮುಟ್ಟಿನ ಲೆಕ್ಕದ ಆ್ಯಪ್‌ಗಳು ಬೇರೆಯಾಗಿ ಬೇಕಾದಷ್ಟಿದ್ದವು. ಎಷ್ಟೋ ಆ್ಯಪ್‌ಗಳಲ್ಲಿ ಪಿಂಕ್, ಹೂವು, ಚಿಟ್ಟೆ. 2013ರಲ್ಲಿ ಬರ್ಲಿನ್‌ನಿಂದ ಬಂದ 'ಕ್ಲೂ' ಬೇಕಂತಲೇ ಇದೆಲ್ಲ ಬಿಟ್ಟಿತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಈಡಾ ಟಿನ್. ಇದು ಆರೋಗ್ಯದ ಮಾಹಿತಿ, ಆರೋಗ್ಯದ ಮಾಹಿತಿ ಥರಾನೇ ಕಾಣಬೇಕು ಅನ್ನೋದು ಅವರ ನಿಲುವು. 2017ರಲ್ಲಿ ಇಂಥ ಆ್ಯಪ್‌ಗಳ ಬಗ್ಗೆ ಅಮೆರಿಕದ ಸಂಶೋಧಕರ ಒಂದು ಅಧ್ಯಯನ ಬಂತು. ಪಿಂಕ್, ಹೂವಿನ ಅಲಂಕಾರ ಹಲವು ಬಳಕೆದಾರರಿಗೆ ಇಷ್ಟವಿಲ್ಲ ಅಂತ ಅದರಲ್ಲೂ ಕಂಡಿತು. ಪಕ್ಕದಲ್ಲಿ ಕೂತವರಿಗೆ ಸ್ಕ್ರೀನ್ ಕಂಡರೆ ಇದು ಏನು ಆ್ಯಪ್ ಅಂತ ಬಣ್ಣವೇ ಹೇಳಿಬಿಡುತ್ತೆ, ಯೋಚಿಸಿ.

ಒಂದು ಕಡೆ ಹೂವು ಹಚ್ಚಿ ಬೇರೆ ಕೂರಿಸಿದರು, ಇನ್ನೊಂದು ಕಡೆ ಪೂರ್ತಿ ಮರೆತರು. ಎರಡಕ್ಕೂ ಮೂಲ ಒಂದೇ: ಮಾಡುವಾಗ ಬಳಸುವವರನ್ನು ಕೇಳಲಿಲ್ಲ.

9/10

ಪಿಂಕ್ ಯಾವಾಗಲೂ ತಪ್ಪೇನಾ? ನಮಗೆಲ್ಲ ಗೊತ್ತಿರೋ ಉದಾಹರಣೆ ನೋಡೋಣ: ಬಸ್ ಬುಕಿಂಗ್.

ರೆಡ್‌ಬಸ್ ಶುರುವಾಗಿದ್ದು 2006ರಲ್ಲಿ, ನಮ್ಮ ಬೆಂಗಳೂರಲ್ಲೇ. ಇವತ್ತು ಆನ್‌ಲೈನ್ ಬುಕಿಂಗ್‌ನಲ್ಲಿ ಸೀಟ್ ಚಾರ್ಟ್ ತೆಗೆದರೆ ಹೆಂಗಸರ ಸೀಟಿಗೆ ಪಿಂಕ್ ಹಾಕೋದು ಸಾಮಾನ್ಯ. ರಾತ್ರಿ ಸ್ಲೀಪರ್‌ನಲ್ಲಿ ಒಬ್ಬಳೇ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ಹುಡುಗಿ ಮೊದಲು ಹುಡುಕೋದು ಆ ಪಿಂಕ್ ಸೀಟಿನ ಪಕ್ಕದ ಜಾಗ. ಹಾಸ್ಟೆಲ್‌ನಲ್ಲಿ ಯಾರನ್ನಾದ್ರೂ ಕೇಳಿ ನೋಡಿ. ಇಲ್ಲಿ ಪಿಂಕ್ ಬಂದು ಏನೂ ಕಮ್ಮಿ ಆಗಿಲ್ಲ, ಬೇಕಾದ ಮಾಹಿತಿ ಒಂದು ಹೆಚ್ಚಾಗಿದೆ.

ಆದರೂ ಎರಡು ಮಾತು ಹೇಳಲೇಬೇಕು. ಒಂದು, ಯಾವ ಸೀಟಲ್ಲಿ ಹುಡುಗಿ ಇದ್ದಾಳೆ ಅಂತ ಆ ಬಣ್ಣ ಚಾರ್ಟ್ ನೋಡೋ ಎಲ್ಲರಿಗೂ ಹೇಳುತ್ತೆ. ಎರಡು, 2014ರಲ್ಲೇ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿದೆ. ನಾನು ನೋಡಿರೋ ಚಾರ್ಟ್‌ಗಳಲ್ಲಿ ಇರೋದು ಇನ್ನೂ ಎರಡೇ ಬಗೆ. ಪಿಂಕ್ ಸೀಟು ಬೇಕು, ಅದರ ಜೊತೆಗೆ ಈ ಪ್ರಶ್ನೆಗಳೂ ಇರಲಿ.

10/10

ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಬರ್ನೆಟ್ ಮತ್ತು ತಂಡ 'ಜೆಂಡರ್‌ಮ್ಯಾಗ್' ಅನ್ನೋ ಪರೀಕ್ಷಾ ವಿಧಾನ ರೂಪಿಸಿದ್ದಾರೆ. ಸಾಫ್ಟ್‌ವೇರ್ ಯಾರನ್ನು ಹೊರಗಿಡ್ತಿದೆ ಅಂತ ಹುಡುಕೋ ವಿಧಾನ ಅದು. ಅದರ ಐದು ಅಂಶಗಳಲ್ಲಿ ಬಣ್ಣವೇ ಇಲ್ಲ! ಅವರು ಕೇಳೋದು ಬೇರೆ: ಈ ವ್ಯಕ್ತಿ ಸಾಫ್ಟ್‌ವೇರ್ ಬಳಸೋದು ಯಾಕೆ? ಮಾಹಿತಿಯನ್ನು ಹೇಗೆ ಓದ್ತಾರೆ? ಕಂಪ್ಯೂಟರ್ ವಿಷಯದಲ್ಲಿ ಧೈರ್ಯ ಎಷ್ಟಿದೆ? ರಿಸ್ಕ್ ತಗೊಳ್ತಾರಾ? ಹೊಸದನ್ನು ಒತ್ತಿ ಒತ್ತಿ ಕಲೀತಾರಾ, ಹಂತ ಹಂತವಾಗಿ ಕಲೀತಾರಾ? ಯೋಚನೆ ಮಾಡಿದ್ರೆ ಇದರಿಂದ ನಮ್ಮ ಅಜ್ಜನಿಗೂ ಅನುಕೂಲ, ಹೊಸದಾಗಿ ಫೋನ್ ಹಿಡಿದ ಅತ್ತೆಗೂ ಅನುಕೂಲ.

ನಮ್ಮಲ್ಲಿ ಕೆಲವರು ನಾಳೆ ಮಾರ್ಕೆಟಿಂಗ್‌ಗೆ ಹೋಗ್ತೀವಿ, ಕೆಲವರು ಸ್ಟಾರ್ಟಪ್ ಮಾಡ್ತೀವಿ. "ಲೇಡೀಸ್ ವರ್ಷನ್ ಒಂದು ಮಾಡೋಣ, ಪಿಂಕ್ ಇಡೋಣ" ಅಂತ ಮೀಟಿಂಗ್‌ನಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ. ಆಗ ಮೂರು ಪ್ರಶ್ನೆ ಕೇಳಿ. ಬೆಲೆ ಅಷ್ಟೇನಾ? ಒಳಗಿರೋದೆಲ್ಲ ಅಷ್ಟೇ ಇದೆಯಾ? ಬಳಸೋರನ್ನು ಕೇಳಿದ್ದೀರಾ?

ಪಿಂಕ್ ಇಷ್ಟ ಇರೋರು ಧಾರಾಳವಾಗಿ ಪಿಂಕ್ ಥೀಮ್ ಹಾಕ್ಕೊಳ್ಳಿ, ಹುಡುಗರೂ ಸೇರಿ. ಅದು ನಿಮ್ಮ ಆಯ್ಕೆ. ದೇಹರಚನೆಯ ಪಾಠವನ್ನು ಒಬ್ಬ ಹುಡುಗಿಯ ಕಂಪ್ಯೂಟರ್‌ನಿಂದ ಬಿಟ್ಟಿದ್ದು ಮಾತ್ರ ಆ ಹುಡುಗಿಯ ಆಯ್ಕೆ ಆಗಿರಲಿಲ್ಲ.

ನಿಮ್ಮ ಫೋನಲ್ಲಿ "ಫಾರ್ ಹರ್" ಅಂತ ಬರೆದಿರೋ ಆ್ಯಪ್ ಯಾವುದಾದ್ರೂ ಇದ್ರೆ ತೆಗೆದು ನೋಡಿ, ಮಾಮೂಲಿ ಆ್ಯಪ್‌ನಲ್ಲಿ ಇರೋದು ಅದರಲ್ಲಿ ಏನಿಲ್ಲ ಅಂತ ಕಾಮೆಂಟ್‌ನಲ್ಲಿ ಬರೀರಿ. ಓದೋಣ.

#ಬಣ್ಣದಇತಿಹಾಸ #ಕನ್ನಡದಲ್ಲಿಓದಿ #ಬಿಕಾಂಬಳಗ #ಡಿಸೈನ್‌ಕತೆ