ಇಟಲಿ ರೈಲು ಪ್ರಯಾಣ: ನೆರವಿನ ಸೋಗಿನ ವಂಚಕರಿದ್ದಾರೆ, ಎಚ್ಚರ

ರೋಮ್‌ನ ಟರ್ಮಿನಿ, ಮಿಲಾನ್‌ನ ಸೆಂಟ್ರಾಲೆಯಂತಹ ದೊಡ್ಡ ರೈಲು ನಿಲ್ದಾಣಗಳಲ್ಲಿ ವಿದೇಶಿ ಪ್ರವಾಸಿಗರನ್ನು ವಂಚಿಸುವವರು ಹೆಚ್ಚಾಗಿ ನೆರವಿನ ನೆಪದಲ್ಲೇ ಬರುತ್ತಾರೆ.

ಟಿಕೆಟ್ ಯಂತ್ರದ ಬಳಿ ಕೇಳದಿದ್ದರೂ ಸಹಾಯಕ್ಕೆ ಬರುವ ಅಪರಿಚಿತರು ಬಳಿಕ ಹಣಕ್ಕೆ ಪೀಡಿಸುತ್ತಾರೆ. ಚಿಲ್ಲರೆ ಎಗರಿಸುವುದೂ ಉಂಟು. ಕೆಲವರು ಸಾಮಾನನ್ನು ತಾವಾಗಿಯೇ ಬೋಗಿಗೇರಿಸಿ ಕೂಲಿ ಕೇಳುತ್ತಾರೆ. ಒಬ್ಬ ಮಾತಿಗೆಳೆದಾಗ ಮತ್ತೊಬ್ಬ ಕೈಚೀಲ ಲಪಟಾಯಿಸುತ್ತಾನೆ.

ಟಿಕೆಟ್ಟನ್ನು ಅಧಿಕೃತ ಕೌಂಟರ್‌ ಅಥವಾ ರೈಲ್ವೆ ಆ್ಯಪ್‌ನಲ್ಲೇ ಖರೀದಿಸುವುದು ಕ್ಷೇಮ. ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟ್ಟಿಗೆ ರೈಲು ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ ತೆರಬೇಕಾಗುತ್ತದೆ. ಇದು ವಂಚನೆಯಲ್ಲ, ನಿಯಮ.

ತುರ್ತು ನೆರವಿಗೆ 112ಕ್ಕೆ ಕರೆ ಮಾಡಬಹುದು. ಪಾಸ್‌ಪೋರ್ಟ್ ಕಳವಾದರೆ ಪೊಲೀಸರಿಗೆ ದೂರು ನೀಡಿ ಪ್ರತಿ ಪಡೆಯಬೇಕು. ಬಳಿಕ ರೋಮ್‌ನ ಭಾರತೀಯ ರಾಯಭಾರ ಕಚೇರಿ ಅಥವಾ ಮಿಲಾನ್‌ನ ಕಾನ್ಸುಲೇಟನ್ನು ಸಂಪರ್ಕಿಸಬೇಕು.