ಅಂಗುಳದ ಹೊಲಿಗೆ | ಹಲ್ಲಿನ ಹಿಸ್ಟರಿ, ಭಾಗ 4

"ಹಾಲು ಹಲ್ಲೆಲ್ಲಾ ಬೀಳ್ಲಿ, ಆಮೇಲೆ ಕ್ಲಿಪ್ ಹಾಕ್ಸೋಣ." ನಮ್ಮ ಮನೆಗಳಲ್ಲಿ ಈ ಮಾತು ಕೇಳದವರಿಲ್ಲ. ಎಷ್ಟೋ ಸಲ ಅದು ಸರಿಯೇ. ಆದರೆ ಕೆಲವು ಮಕ್ಕಳಿಗೆ ಕಾಯೋದೇ ನಷ್ಟ. ಯಾರಿಗೆ ಕಾಯಬಹುದು, ಯಾರಿಗೆ ಬಾರದು ಅನ್ನೋದು ಡಾಕ್ಟರುಗಳಿಗೇ ಸ್ಪಷ್ಟವಾಗೋಕೆ ನೂರು ವರ್ಷಕ್ಕೂ ಹೆಚ್ಚು ಹಿಡೀತು 👇

1860, ಸ್ಯಾನ್ ಫ್ರಾನ್ಸಿಸ್ಕೋ. ಎಮರ್ಸನ್ ಏಂಜೆಲ್ ಅನ್ನೋ ದಂತವೈದ್ಯರ ಹತ್ತಿರ ಹದಿನಾಲ್ಕು ದಾಟಿದ ಹುಡುಗಿ ಬಂದಳು. ಮೇಲ್ದವಡೆ ಇಕ್ಕಟ್ಟು, ಹಲ್ಲುಗಳಿಗೆ ಜಾಗ ಸಾಲದು. ಕೀಳೋದು ಸುಲಭವಿತ್ತು. ಏಂಜೆಲ್ ಕೀಳಲಿಲ್ಲ. ಅಂಗುಳಕ್ಕೆ ಅಡ್ಡಲಾಗಿ ಸ್ಕ್ರೂ ಕೂರಿಸಿ, ಸಣ್ಣ ಕೀಲಿ ಕೊಟ್ಟು, ತಿರುಗಿಸ್ತಾ ಇರು ಅಂದರು. ಎರಡೇ ವಾರ, ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಬಿತ್ತು! ಸ್ಕ್ರೂ ಒತ್ತಿದ್ದು ಆ ಹಲ್ಲುಗಳನ್ನಲ್ಲ. ಅಂದಮೇಲೆ ಮೂಳೆಯೇ ಅಗಲವಾಗಿದೆ ಅಂತ ಅವರು ಬರೆದರು.

ನಾಲಿಗೆ ತುದಿಯನ್ನು ಅಂಗುಳಕ್ಕೆ ತಾಗಿಸಿ ನೋಡಿ. ನಡುವೆ ಒಂದು ಗೆರೆ ಸಿಗುತ್ತಲ್ಲ, ಮೇಲ್ದವಡೆಯ ಎರಡು ಹೋಳು ಕೂಡೋ ಹೊಲಿಗೆ ಅಲ್ಲೇ ಇರೋದು. ಮಕ್ಕಳಲ್ಲಿ ಅದು ಸಡಿಲ. ಹದಿಹರೆಯ ಕಳೀತಾ ಬಿಗಿಯಾಗುತ್ತೆ, ದೊಡ್ಡವರಾದ ಮೇಲೆ ಅಗಲಿಸೋಕೆ ಆಪರೇಷನ್ನೇ ಬೇಕಾಗಬಹುದು.

ಆದರೆ ಏಂಜೆಲ್ ಮಾತನ್ನು ಓರಗೆಯವರು ನಂಬಲಿಲ್ಲ. ತೋರಿಸೋಣ ಅಂದ್ರೆ ಎಕ್ಸ್-ರೇ ಬಂದದ್ದೇ 1895ಕ್ಕೆ, ಪಾಪ. 1961ರಲ್ಲಿ ಆಂಡ್ರೂ ಹಾಸ್ ಅನ್ನೋರು ಹಂದಿಗಳ ಮೇಲೆ ಪ್ರಯೋಗ ಮಾಡಿ, ರೋಗಿಗಳಲ್ಲೂ ಮಾಡಿ ತೋರಿಸಿದ ಮೇಲೆ ಈ ಚಿಕಿತ್ಸೆಗೆ ಮತ್ತೆ ಜೀವ ಬಂತು. ಇವತ್ತೂ ಎಷ್ಟೋ ಮನೆಗಳಲ್ಲಿ ಅಪ್ಪನೋ ಅಮ್ಮನೋ ಮಗುವಿನ ಬಾಯಿಗೆ ಕೀಲಿ ಹಾಕಿ ತಿರುಗಿಸೋದು ಇಂಥದ್ದೇ ಸ್ಕ್ರೂ.

ಹಾಗಾದ್ರೆ ನೋಡೋದು ಯಾವಾಗ? 1899ರಲ್ಲಿ ಎಡ್ವರ್ಡ್ ಆಂಗಲ್ ಹಲ್ಲುಗಳ ಹೊಂದಾಣಿಕೆಯನ್ನು ವಿಂಗಡಿಸುವಾಗ ಅಳತೆಗೋಲು ಮಾಡಿಕೊಂಡಿದ್ದು ಆರನೇ ವರ್ಷದ ಸುಮಾರಿಗೆ ಬರುವ ಮೊದಲ ಶಾಶ್ವತ ದವಡೆ ಹಲ್ಲನ್ನು. ಅದು ಬಂದು, ಮುಂದಿನ ಹೊಸ ಹಲ್ಲೂ ಇಣುಕಿದರೆ ಕಚ್ಚುವಿಕೆ ಹೇಗಿದೆ ಅಂತ ಗೊತ್ತಾಗುತ್ತೆ. ಅಮೆರಿಕದ ಆರ್ಥೋಡಾಂಟಿಸ್ಟರ ಸಂಘ 7 ವರ್ಷದೊಳಗೆ ಒಮ್ಮೆ ತೋರಿಸಿ ಅನ್ನೋದು ಅದಕ್ಕೇ. ತೋರಿಸಿ ಅಂದ್ರೆ ಕ್ಲಿಪ್ ಹಾಕಿಸಿ ಅಂತಲ್ಲ, ನೆನಪಿರಲಿ.

ಮಗು ಹಲ್ಲು ಕಚ್ಚಿದಾಗ ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುತ್ತಾ? ಬಾಯಿ ಮುಚ್ಚುವಾಗ ಗಲ್ಲ ಒಂದು ಪಕ್ಕಕ್ಕೆ ಜಾರುತ್ತಾ? ಹೊಸ ಹಲ್ಲು ಬಂದ್ರೂ ಬೆರಳು ಚೀಪೋದು ನಿಂತಿಲ್ವಾ? ಯಾವಾಗಲೂ ಬಾಯಲ್ಲೇ ಉಸಿರಾಡುತ್ತಾ? ಇವನ್ನು ಮುಂದಕ್ಕೆ ಹಾಕಬೇಡಿ.

ಉಬ್ಬು ಹಲ್ಲಿನ ಲೆಕ್ಕ ಬೇರೆ. ಅಮೆರಿಕ, ಬ್ರಿಟನ್‌ಗಳಲ್ಲಿ ಮಕ್ಕಳನ್ನು ಗುಂಪು ಮಾಡಿ ವರ್ಷಗಟ್ಟಲೆ ಹೋಲಿಸಿ ನೋಡಿದರು. ಬೇಗ ಶುರು ಮಾಡಿದವರ ಹಲ್ಲು ಕೊನೆಗೆ ಹೆಚ್ಚೇನೂ ಚೆನ್ನಾಗಿ ಕೂತಿರಲಿಲ್ಲ. ಬಿದ್ದು ಮುಂದಿನ ಹಲ್ಲು ಮುರಿದುಕೊಳ್ಳೋದು ಮಾತ್ರ ಕಡಿಮೆ ಆಗಿತ್ತು. ಮಗು ಆಟದಲ್ಲಿ ಪದೇ ಪದೇ ಬೀಳೋ ಜಾತಿಯಾ ಅನ್ನೋದನ್ನೂ ಡಾಕ್ಟರಿಗೆ ಹೇಳಿ!

ಇನ್ನು ಎಂಟು-ಒಂಬತ್ತರ ಮಕ್ಕಳ ಮುಂದಿನ ಹಲ್ಲಿನ ಸಂದಿ. ಫೋಟೋ ನೋಡಿ ಅಮ್ಮಂದಿರು ಗಾಬರಿ ಆಗೋದು ಇದಕ್ಕೇ. ಕ್ಲೀವ್‌ಲ್ಯಾಂಡಿನ ಹಾಲಿ ಬ್ರಾಡ್‌ಬೆಂಟ್ 1937ರಲ್ಲೇ ಇದಕ್ಕೆ 'ಕುರೂಪಿ ಬಾತುಮರಿ'ಯ ಹಂತ ಅಂತ ಹೆಸರಿಟ್ಟರು. ಕೋರೆಹಲ್ಲು ಇಳಿದಾಗ ಆ ಸಂದಿ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತೆ.

#ಹಲ್ಲಿನಹಿಸ್ಟರಿ #ಮಕ್ಕಳಹಲ್ಲು #ಕನ್ನಡ